ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೂ ಸೌಂಡ್ ಬಂದರೆ, ಮೊದಲು ಚಕ್ರ ಬಿಚ್ಚಿಸಿ

ಹೊಸ ಪ್ಯಾಡ್, ಹೊಸ ಡಿಸ್ಕ್ ಎರಡೂ ಹಾಕಿಸಿ, ಬಿಲ್ ಕಟ್ಟಿ, ಗ್ಯಾರೇಜಿನ ಗೇಟ್ ದಾಟುವಷ್ಟರಲ್ಲಿ ಕೀಂಯ್ ಅಂತ ಶಬ್ದ. ವಾಪಸ್ ಹೋಗಿ ಕೇಳಿದರೆ ಎಲ್ಲ ಕಡೆ ಸಿಗುವ ಉತ್ತರ ಒಂದೇ: "ಹೊಸದಲ್ವಾ ಸರ್, ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ." ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಕೆಲವು ಸಲ ಅದು ನಿಜವೇ ಇರಬಹುದು. ಆದರೆ ಚಕ್ರ ಬಿಚ್ಚಿ ನೋಡದೆ, ಕಾರನ್ನು ಒಂದು ರೌಂಡ್ ಕೂಡ ಓಡಿಸಿ ಕೇಳದೆ, ಕೌಂಟರಿನ ಹಿಂದೆ ನಿಂತು ಹಾಗೆ ಹೇಳುವುದು ತಪ್ಪು. ಇದು ಬ್ರೇಕ್ ವಿಷಯ. ಮ್ಯೂಸಿಕ್ ಸಿಸ್ಟಂ ಅಲ್ಲ.

ನನ್ನ ಅನುಭವದಲ್ಲಿ ಹೊಸ ಪಾರ್ಟ್ ಹಾಕಿದ ಮೇಲೆ ಬರುವ ಶಬ್ದಕ್ಕೆ ಆ ಪಾರ್ಟ್ ಕಾರಣ ಆಗಿರುವುದು ಕಡಿಮೆ. ಅದರ ಸುತ್ತಮುತ್ತ ಮಾಡದೆ ಬಿಟ್ಟ ಸಣ್ಣ ಸಣ್ಣ ಕೆಲಸಗಳೇ ಜಾಸ್ತಿ. ಬ್ರೇಕ್ ಒತ್ತಿದಾಗ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್ ಒತ್ತಿ ಹಿಡಿಯುತ್ತದೆ, ಹಾಗೆ ಹಿಡಿಯುವಾಗ ನಡುಗುತ್ತದೆ. ಆ ನಡುಕ ಸೆಕೆಂಡಿಗೆ ಸಾವಿರ ಸಲಕ್ಕಿಂತ ಜಾಸ್ತಿ ಆದಾಗ ನಮ್ಮ ಕಿವಿಗೆ ಕೀಂಯ್ ಅಂತ ಕೇಳಿಸುತ್ತದೆ. ಡಿಸ್ಕ್ ಬ್ರೇಕ್ ಹುಟ್ಟಿದಾಗಿನಿಂದ ಈ ಕಾಟ ಇದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಪೇಟೆಂಟ್ ಪಡೆದ ಬ್ರೇಕಿನಲ್ಲಿ ಲೋಹದ ಡಿಸ್ಕಿಗೆ ತಾಮ್ರ ಉಜ್ಜುತ್ತಿತ್ತು, ಅದರ ಕಿರುಚಾಟವೇ ದೊಡ್ಡ ತಲೆನೋವಾಗಿತ್ತು. ಈಗಿನ ಪ್ಯಾಡಿನ ಬೆನ್ನಿಗೆ ಅಂಟಿರುವ ಶಿಮ್ ಅನ್ನುವ ತೆಳು ಹಾಳೆ, ಇಳಿಜಾರಾಗಿ ಕೊರೆದ ಅಂಚು, ಬದಿಯಲ್ಲಿ ಒತ್ತಿ ಹಿಡಿಯುವ ಸ್ಟೀಲ್ ಕ್ಲಿಪ್, ಇವೆಲ್ಲ ಇರುವುದು ಆ ನಡುಕ ತಗ್ಗಿಸಲಿಕ್ಕೇ. ಹಳೇ ತುಕ್ಕು ಹಿಡಿದ ಕ್ಲಿಪ್ಪನ್ನೇ ಬಿಟ್ಟು, ಶಿಮ್ ಬಿಸಾಕಿ, ಪ್ಯಾಡ್ ಮಾತ್ರ ತುರುಕಿದರೆ ಶಬ್ದ ಬರದೆ ಇನ್ನೇನಾಗುತ್ತದೆ?

ಅದಕ್ಕೇ ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ನೀವೇ ಗಮನಿಸಿ, ಶಬ್ದ ಯಾವಾಗ ಬರುತ್ತದೆ ಅಂತ. ಪೆಡಲ್ ಒತ್ತಿದಾಗ ಮಾತ್ರವಾ, ಒತ್ತದೇ ಇದ್ದರೂ ಬರುತ್ತದಾ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಬ್ರೇಕ್ ಒತ್ತದೆ ಚಕ್ರ ತಿರುಗಿದಷ್ಟೂ ಸರ್ ಸರ್ ಅಂತ ತಗಡು ಉಜ್ಜುವ ಶಬ್ದ ಬಂದರೆ, ಡಿಸ್ಕಿನ ಹಿಂದೆ ಇರುವ ತೆಳು ತಗಡಿನ ಕವರ್ ಮೇಲೆ ನನಗೆ ಮೊದಲ ಅನುಮಾನ. ಹಳೇ ಡಿಸ್ಕ್ ತುಕ್ಕು ಹಿಡಿದು ಬರದಿದ್ದಾಗ ಸುತ್ತಿಗೆಯಲ್ಲಿ ಹೊಡೆಯುತ್ತಾರೆ, ಆಗ ಆ ತಗಡು ಬಗ್ಗುತ್ತದೆ. ನಮ್ಮ ಅಕ್ಕನ ಕಾರಿನಲ್ಲಿ ಆಗಿದ್ದು ಅದೇ. ಗ್ಯಾರೇಜಿನವರು ಡಿಸ್ಕ್ ಸೆಟ್ ಸರಿ ಇಲ್ಲ, ಇನ್ನೊಂದು ಸೆಟ್ ಹಾಕೋಣ ಅಂದಿದ್ದರು. ಚಕ್ರ ಬಿಚ್ಚಿ ನೋಡಿದರೆ ತಗಡಿನ ಅಂಚು ಡಿಸ್ಕಿಗೆ ತಾಗಿ ಹೊಳೆಯುತ್ತಿತ್ತು. ಬೆರಳಲ್ಲಿ ಒತ್ತಿ ಹಿಂದಕ್ಕೆ ಬಗ್ಗಿಸಿದೆ, ಶಬ್ದ ಹೋಯಿತು. ಇದಕ್ಕೆ ಅವಳು ಸಾವಿರಾರು ರೂಪಾಯಿ ಮತ್ತೆ ಕೊಡಬೇಕಿತ್ತಾ? ಕೆಲವು ಸಲ ಡಿಸ್ಕಿಗೂ ಆ ತಗಡಿಗೂ ನಡುವೆ ಜಲ್ಲಿಕಲ್ಲು ಸಿಕ್ಕಿಕೊಂಡಿರುತ್ತದೆ, ಶಬ್ದ ಭಯಂಕರ, ಆದರೆ ಕಲ್ಲು ತೆಗೆದರೆ ಸಾಕು, ರಿಪೇರಿ ಏನೂ ಬೇಕಿಲ್ಲ.

ಕೆಲವು ಪ್ಯಾಡ್‌ಗಳಿಗೆ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕಿರುಚಿ ಎಚ್ಚರಿಸುವುದು ಅದರ ಕೆಲಸ. ಅದು ಇರುವ ಪ್ಯಾಡನ್ನು ಎಲ್ಲಿ, ಯಾವ ದಿಕ್ಕಿಗೆ ಹಾಕಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಅದಲು ಬದಲು ಮಾಡಿದರೆ, ಅಥವಾ ಹಾಕುವಾಗ ಬಗ್ಗಿಸಿದರೆ, ಮೊದಲ ದಿನದಿಂದಲೇ ಕೂಗುತ್ತದೆ. ರಿವರ್ಸ್ ತೆಗೆದು ಮುಂದಕ್ಕೆ ಹೊರಟು ಬ್ರೇಕ್ ಒತ್ತಿದಾಗ ಒಂದೇ ಒಂದು ಟಕ್ ಅಂದರೆ ಪ್ಯಾಡ್ ಕ್ಲಿಪ್ಪಿನಲ್ಲಿ ಸಡಿಲ ಇದೆ ಅಂತ ಅನುಮಾನಿಸಿ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನದ್ದನ್ನೆಲ್ಲ ಬದಲಾಯಿಸಿರುತ್ತೀರಿ, ಶಬ್ದ ಬರುತ್ತಿರುವುದು ಹಿಂದಿನ ಡ್ರಮ್ಮಿನ ಧೂಳಿನಿಂದ! ಖಾಲಿ ಜಾಗದಲ್ಲಿ, ನಡೆಯುವಷ್ಟು ನಿಧಾನವಾಗಿ ಹೋಗುವಾಗ, ಬಟನ್ ಒತ್ತಿ ಹಿಡಿದುಕೊಂಡೇ ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪ ಎಳೆದು ನೋಡಿ. ಅದೇ ಶಬ್ದ ಬಂದರೆ ಹಿಂದೆ ನೋಡಬೇಕು. ವೇಗ ಏರಿದಂತೆ ಗೂಂ ಅಂತ ಏರುವ, ತಿರುವಿನಲ್ಲಿ ಬದಲಾಗುವ, ಬ್ರೇಕ್ ಒತ್ತಿದರೂ ಹಾಗೇ ಇರುವ ಶಬ್ದ ಬ್ರೇಕಿನದ್ದೇ ಅಲ್ಲ. ಅದು ವೀಲ್ ಬೇರಿಂಗ್ ಇರಬಹುದು.

ಈಗ ನನಗೆ ಜಾಸ್ತಿ ಬೇಜಾರಾಗುವ ವಿಷಯಕ್ಕೆ ಬರುತ್ತೇನೆ. ಹಬ್ ಉಜ್ಜುವುದು. ಹಬ್ ಅಂದರೆ ಚಕ್ರವೂ ಡಿಸ್ಕೂ ಕೂರುವ ನಡುವಿನ ಭಾಗ, ಅದರ ಮುಖದ ಮೇಲೆ ವರ್ಷಗಟ್ಟಲೆ ತುಕ್ಕು ಕಟ್ಟಿರುತ್ತದೆ. ಅದನ್ನು ವೈರ್ ಬ್ರಷ್ ಹಾಕಿ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. ಎಷ್ಟು ಓರೆ? ಅನೇಕ ಕಾರುಗಳಲ್ಲಿ ಮಿತಿ ಇರುವುದೇ 0.05ರಿಂದ 0.1 ಮಿ.ಮೀ. ಒಳಗೆ. ನಡುವೆ ಸಿಕ್ಕ ಒಂದು ಹಕ್ಕಳೆ ತುಕ್ಕು ಸಾಕು ಆ ಮಿತಿ ದಾಟಲು. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಸಾವಿರಾರು ಕಿಲೋಮೀಟರ್ ಓಡುವಷ್ಟರಲ್ಲಿ ಓರೆಯಾದ ಡಿಸ್ಕ್ ಪ್ರತಿ ಸುತ್ತಿಗೂ ಪ್ಯಾಡಿಗೆ ತಾಗಿ ತಾಗಿ ಒಂದು ಕಡೆ ತೆಳುವಾಗುತ್ತದೆ. ಆಮೇಲೆ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅದುರುತ್ತದೆ. ಆಗ "ಡಿಸ್ಕ್ ಬೆಂಡ್ ಆಗಿದೆ, ಲೇತ್‌ಗೆ ಹಾಕಿಸಬೇಕು" ಅನ್ನುತ್ತಾರೆ. ಐದು ನಿಮಿಷ ಬ್ರಷ್ ಹಿಡಿದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ವೀಲ್ ನಟ್‌ಗಳನ್ನು ಏರ್ ಗನ್ನಿನಲ್ಲಿ ಹೇಗೆ ಬೇಕೋ ಹಾಗೆ ಬಿಗಿದರೂ ಇದೇ ಕಥೆ. ಅಡ್ಡಡ್ಡವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ಲಿನಲ್ಲಿ ಹೇಳಿದಷ್ಟೇ ಬಿಗಿಯಬೇಕು.

ಗ್ರೀಸ್ ವಿಷಯವೂ ಹಾಗೇ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್ನಿಗೆ ಸಿಲಿಕೋನ್ ಗ್ರೀಸೋ ಬ್ರೇಕಿಗೇ ಅಂತ ಬರುವ ಗ್ರೀಸೋ ಬೇಕು. ಡಬ್ಬಿಯಲ್ಲಿರುವ ಮಾಮೂಲಿ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಪಿನ್ ಹಿಡಿದರೆ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ, ಆ ಚಕ್ರ ಮಾತ್ರ ಕಾಯುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್‌ಗಳ ಹತ್ತಿರ ಕೈ ಒಯ್ದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಮುಂದಿನ ಎರಡರಲ್ಲಿ ಒಂದು ಮಾತ್ರ ಕೆಂಡದಂತೆ ಕಾದಿದ್ದರೆ ಅಥವಾ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ, ಶಬ್ದದ ಮಾತು ಆಮೇಲೆ, ಮೊದಲು ಕಾರು ನಿಲ್ಲಿಸಿ.

ಹಾಗಾದರೆ "ಓಡಿಸ್ತಾ ಸರಿ ಹೋಗುತ್ತೆ" ಅನ್ನುವುದು ಯಾವಾಗ ನಿಜ? ಕೆಲಸ ಸರಿಯಾಗಿ ಆಗಿದ್ದಾಗ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿರಬೇಕು. ಆಮೇಲೆ ಪ್ಯಾಡ್ ಮತ್ತು ಡಿಸ್ಕ್ ಹೊಂದಿಕೊಳ್ಳಲು ಬಿಡಬೇಕು. ಬೆಳಗ್ಗೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 50-60ರ ವೇಗದಿಂದ 10-15ಕ್ಕೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ದೂರ ಗಾಳಿಗೆ ಆರಲು ಬಿಟ್ಟು ಮತ್ತೆ ಮಾಡಿ, ಹೀಗೆ ಒಂದು ಹತ್ತು ಸಲ. ಪ್ಯಾಡಿನ ಬಾಕ್ಸಿನಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ. ಶನಿವಾರ ಸಂಜೆ ಪ್ಯಾಡ್ ಹಾಕಿಸಿ ಭಾನುವಾರ ಧರ್ಮಸ್ಥಳಕ್ಕೆ ಅಂತ ಚಾರ್ಮಾಡಿ ಘಾಟಿ ಇಳಿಯುವವರಿದ್ದಾರೆ, ಅದೂ ಕೆಳಗಿನ ಗೇರ್ ಹಾಕದೆ, ಪೆಡಲ್ ಮೇಲೇ ಕಾಲಿಟ್ಟುಕೊಂಡು. ಹೊಂದಿಕೊಳ್ಳದ ಪ್ಯಾಡ್ ಹಾಗೆ ಕಾದರೆ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಆಮೇಲೆ ಎಷ್ಟು ಓಡಿಸಿದರೂ ಕೀಂಯ್ ಅನ್ನುವುದು ನಿಲ್ಲದೇ ಇರಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆಯವರು ಬೆಳಗ್ಗೆ ಮೊದಲ ಬ್ರೇಕಿಗೆ ಕೇಳುವ ಗರಗರ ಶಬ್ದಕ್ಕೆ ಹೆದರಬೇಕಿಲ್ಲ. ಡಿಸ್ಕ್ ಎರಕದ ಕಬ್ಬಿಣ, ಒಂದು ರಾತ್ರಿಗೇ ತೆಳುವಾಗಿ ತುಕ್ಕು ಹಿಡಿಯುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಮುಂದಿನ ಸಲ ಪ್ಯಾಡ್ ಹಾಕಿಸುವಾಗ ಮೊದಲೇ ಹೇಳಿಬಿಡಿ: "ಅಣ್ಣಾ, ಹಬ್ ಉಜ್ಜಬೇಕು, ಕ್ಲಿಪ್ ಹೊಸದು ಹಾಕಬೇಕು, ಪಿನ್ ತೆಗೆದು ಗ್ರೀಸ್ ಮಾಡಬೇಕು, ಅದಕ್ಕೆ ಎಷ್ಟಾಗುತ್ತೋ ಕೊಡ್ತೀನಿ." ಈ ದುಡ್ಡನ್ನು ಖುಷಿಯಿಂದ ಕೊಡಿ. ಒಳ್ಳೆಯ ಮೆಕ್ಯಾನಿಕ್‌ಗಳು ಇದನ್ನೆಲ್ಲ ಮಾಡಬೇಕು ಅಂತಲೇ ಇರುತ್ತಾರೆ, ಲೇಬರ್‌ಗೆ ಚೌಕಾಸಿ ಮಾಡಿ ಅರ್ಧ ಗಂಟೆಯಲ್ಲಿ ಮುಗಿಸಿ ಅಂತ ಅವಸರ ಮಾಡುವವರು ನಾವೇ. ಬ್ರೇಕಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಲು ಬಿಡಬೇಡಿ, ಅದು ಹೋಗುವುದು ಆ ಹುಡುಗರ ಶ್ವಾಸಕೋಶಕ್ಕೆ. ಕಾರು ಹೊರತೆಗೆಯುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ, ಯಾಕೆಂದರೆ ಹೊಸ ಪ್ಯಾಡ್ ಹಾಕಲು, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ. ಹಳೇ ಪ್ಯಾಡ್‌ಗಳನ್ನು ಕೇಳಿ ತೆಗೆದುಕೊಳ್ಳಿ. ಒಳಗಿನದ್ದೂ ಹೊರಗಿನದ್ದೂ ಅಕ್ಕಪಕ್ಕ ಇಟ್ಟು ನೋಡಿ. ಒಳಗಿನದ್ದು ಪೂರ್ತಿ ಸವೆದು ಹೊರಗಿನದ್ದು ಅರ್ಧ ಉಳಿದಿದ್ದರೆ ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ ಅಂತ ಅರ್ಥ. ಅದನ್ನು ಸರಿಮಾಡದೆ ಹೊಸ ಪ್ಯಾಡ್ ಹಾಕಲು ಒಪ್ಪಬೇಡಿ.