ತಪಸ್ಸುಕಾಲದ 40 ದಿನವೂ ಉಪವಾಸ ಕಡ್ಡಾಯವೇ?

"ತಪಸ್ಸುಕಾಲದ 40 ದಿನವೂ ಉಪವಾಸ ಮಾಡದಿದ್ದರೆ ಪಾಪ, ಕಾಯಿಲೆಯವರಿಗೂ ವಿನಾಯಿತಿ ಇಲ್ಲ" ಅನ್ನುವ ವಾಟ್ಸಾಪ್ ಸಂದೇಶ ನಿಜವಲ್ಲ. ತಪಸ್ಸುಕಾಲ (ಲೆಂಟ್) ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ಕಾಲ.

ಕಥೋಲಿಕ ಧರ್ಮಸಭೆಯಲ್ಲಿ ಉಪವಾಸ ಕಡ್ಡಾಯ ಇರುವುದು ಎರಡೇ ದಿನ: ಬೂದಿ ಬುಧವಾರ (ತಪಸ್ಸುಕಾಲದ ಮೊದಲ ದಿನ), ಶುಭ ಶುಕ್ರವಾರ (ಗುಡ್ ಫ್ರೈಡೇ). ಅದೂ 18 ತುಂಬಿದವರಿಗೆ, 59 ತುಂಬುವ ತನಕ ಮಾತ್ರ. ಆ ದಿನವೂ ಒಂದು ಹೊತ್ತು ಪೂರ್ತಿ ಊಟ ಮಾಡಬಹುದು, ಉಳಿದ ಎರಡು ಹೊತ್ತು ಸ್ವಲ್ಪ ಏನಾದರೂ ತಿನ್ನಬಹುದು. ಬೂದಿ ಬುಧವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಂದು 14 ತುಂಬಿದವರು ಮಾಂಸ ಬಿಡಬೇಕು. ಮೀನಿಗೆ ಅಡ್ಡಿಯಿಲ್ಲ.

ಕಾಯಿಲೆಯವರು, ಗರ್ಭಿಣಿಯರು ಉಪವಾಸ ಇರಬೇಕಿಲ್ಲ. ಸಕ್ಕರೆ ಕಾಯಿಲೆ ಇರುವ ಅಜ್ಜಿ ಆ ವಾಟ್ಸಾಪ್ ಸಂದೇಶ ನಂಬಿ ಹಸಿದು ಕೂತರೆ ಅಪಾಯ ಅಲ್ವಾ?

40 ದಿನವೂ ಮನಸಾರೆ ಏನಾದರೂ ಬಿಡುವವರು ಬಿಡಲಿ, ಅದು ತುಂಬ ಒಳ್ಳೆಯದೇ. ಆದರೆ ಪ್ರಾರ್ಥನೆ, ದಾನ ಕೂಡ ತಪಸ್ಸುಕಾಲದ ಭಾಗವೇ. ಹಸಿದವರ ಜೊತೆ ಊಟ ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸ ಅಂತ ಬೈಬಲ್‌ನ ಯೆಶಾಯ 58ನೇ ಅಧ್ಯಾಯ ಹೇಳುತ್ತದೆ.