ದೀಪವನ್ನು 'ತೆರೆದರೆ' ನಗುವುದೇಕೆ?

ಬೆಳಗಿನ ಆನ್‌ಲೈನ್ ಸಭೆ ಮುಗಿದು ಮೂರು ಗಂಟೆಯಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಚೀನಾದ ಶೆನ್‌ಜೆನ್‌ನ ಸಹೋದ್ಯೋಗಿಯ ಮುಖ ಕತ್ತಲಲ್ಲಿ ಕಾಣುತ್ತಿರಲಿಲ್ಲ. 'ಓಪನ್ ದ ಲೈಟ್' ಮಾಡಿ ಬರುತ್ತೇನೆ ಎಂದು ಆಕೆ ಎದ್ದರು. ನಮ್ಮ ಕಡೆಯ ಇಬ್ಬರು ಮೈಕ್ ಮುಚ್ಚುವುದನ್ನೂ ಮರೆತು ನಕ್ಕರು. ಆಕೆ ಬಂದು ಕುಳಿತವರು ಕೊನೆಯವರೆಗೆ ಒಂದು ಮಾತನ್ನೂ ಆಡಲಿಲ್ಲ.

ನಗುವಂಥದ್ದು ಏನಿತ್ತು? ಚೀನೀ ಭಾಷೆಯಲ್ಲಿ 'ಕಾಯ್' ಎಂದರೆ ತೆರೆ. ಬಾಗಿಲಿಗೂ ಕಾಯ್, ದೀಪಕ್ಕೂ ಕಾಯ್, ಟಿವಿಗೂ ಕಾಯ್. ಕಾರು ಓಡಿಸುವುದಕ್ಕೂ ಸಭೆ ಸೇರುವುದಕ್ಕೂ ಅದೇ. ನಮ್ಮ 'ಹಾಕು' ನೆನೆಯಿರಿ. ದೀಪ ಹಾಕು ಎಂದರೆ ಹೊತ್ತಿಸಬೇಕು, ಬಾಗಿಲು ಹಾಕು ಎಂದರೆ ಮುಚ್ಚಬೇಕು! ಇಂಥ ಕ್ರಿಯಾಪದದೊಡನೆ ಬೆಳೆದ ನಾವು ನಗುತ್ತೇವೆ.

ಚೀನೀಯರು ಇಂಗ್ಲಿಷ್‌ನಲ್ಲಿ 'ಔಷಧಿ ತಿನ್ನುತ್ತೇನೆ' ಎಂದರೂ ನಗು, 'ನನ್ನ ದೇಹ ಚೆನ್ನಾಗಿದೆ' ಎಂದರೂ ನಗು. ಮೈ ಹುಷಾರಿಲ್ಲ ಎನ್ನುವವರು ನಾವೇ ಅಲ್ಲವೇ? ಜನಜಂಗುಳಿಗೆ ಅವರ ಮಾತು 'ರೆನ್ ಶಾನ್ ರೆನ್ ಹಾಯ್', ಅಂದರೆ ಜನಪರ್ವತ, ಜನಸಾಗರ. ಪ್ರತಿ ದಸರೆಗೆ ನಮ್ಮ ಪತ್ರಿಕೆಗಳು ಬರೆಯುವುದೂ ಜನಸಾಗರವನ್ನೇ. ಅವನು, ಅವಳು ಎರಡಕ್ಕೂ ಅವರ ಬಾಯಲ್ಲಿ 'ತಾ' ಒಂದೇ ಉಚ್ಚಾರ. ಬರವಣಿಗೆಯಲ್ಲಿ ಅವಳಿಗೆಂದು ಬೇರೆ ಅಕ್ಷರ ಬಳಕೆಗೆ ಬಂದದ್ದೇ 20ನೇ ಶತಮಾನದ ಆರಂಭದಲ್ಲಿ. ಹಾಗಿರುವಾಗ ಮಾತಿನ ಓಟದಲ್ಲಿ 'ಹೀ', 'ಶೀ' ಅದಲುಬದಲಾಗದೆ ಇರುತ್ತದೆಯೇ?

ತಪ್ಪು ತಪ್ಪೇ, ತಿದ್ದಬೇಡವೇ ಎಂದು ಒಬ್ಬರು ನನಗೆ ಸಂದೇಶ ಕಳಿಸಿದ್ದಾರೆ. ತಿದ್ದಿ, ಬೇಡ ಎಂದವರು ಯಾರು? ಚೀನಾದಲ್ಲಿ ಒದ್ದೆ ನೆಲದ ಮೇಲಿನ 'ಎಚ್ಚರಿಕೆಯಿಂದ ಜಾರಿ' ಎಂಬ ಇಂಗ್ಲಿಷ್ ಫಲಕವನ್ನು ಖಂಡಿತ ತಿದ್ದಬೇಕು. ಆದರೆ ಅದು ಹುಟ್ಟಿದ್ದು ಹೇಗೆಂದು ತಿಳಿದಿದೆಯೇ? 'ನೆಲ' ಎಂಬ ಅರ್ಥದ ಚೀನೀ ಅಕ್ಷರವೇ ಕ್ರಿಯಾವಿಶೇಷಣದ ಪ್ರತ್ಯಯವೂ ಹೌದು. 'ಎಚ್ಚರಿಕೆ, ನೆಲ ಜಾರುತ್ತದೆ' ಎಂಬ ನಾಲ್ಕು ಅಕ್ಷರಗಳನ್ನು ಇನ್ನೊಂದು ರೀತಿ ಓದಿದರೆ 'ಎಚ್ಚರಿಕೆಯಿಂದ ಜಾರಿ' ಆಗುತ್ತದೆ. ಕಾರಣ ತಿಳಿದವರು ತಿದ್ದುತ್ತಾರೆ. ಬೆಳಿಗ್ಗೆ ನಕ್ಕವರು ಏನನ್ನು ತಿದ್ದಿದರು?

ಅದೇ ಇಬ್ಬರು ವಾರಕ್ಕೊಮ್ಮೆ ಯಾರಿಗಾದರೂ 'ಲಾಂಗ್ ಟೈಮ್ ನೋ ಸೀ' ಎನ್ನುತ್ತಾರೆ. ಅದರಲ್ಲಿ ಯಾವ ಇಂಗ್ಲಿಷ್ ವ್ಯಾಕರಣವಿದೆ? ಚೀನೀಯರ 'ಹಾವ್ ಜಿಯೋ ಬು ಜಿಯೆನ್' ಪದಕ್ಕೆ ಪದ ಹಾಗೆಯೇ ಇದೆ. ಹುರಿದುಂಬಿಸುವ 'ಜಿಯಾ ಯೋ', ಅಂದರೆ ಎಣ್ಣೆ ಹಾಕು, 'ಆ್ಯಡ್ ಆಯಿಲ್' ಆಗಿ 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಸೇರಿತು. ನಿಘಂಟಿಗೇ ಇಲ್ಲದ ಮುಜುಗರ ಇವರಿಗೇಕೆ?

ನನಗೆ ಇಷ್ಟು ಉರಿಯುವುದಕ್ಕೆ ಕಾರಣವಿದೆ, ಇದುವರೆಗೆ ಇಲ್ಲಿ ಬರೆದಿಲ್ಲ. ಎಂಟನೇ ತರಗತಿಯಲ್ಲಿ ರಜೆ ಕೇಳಲು ಎದ್ದು ನಿಂತು, ಜ್ವರ ಬಂದಿದೆ ಎನ್ನುವುದನ್ನು 'ಫೀವರ್ ಹ್ಯಾಸ್ ಕಮ್' ಎಂದೆ. ಇಡೀ ತರಗತಿ ನಕ್ಕಿತು, ಮೇಷ್ಟರೂ ನಕ್ಕರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನಾನು ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲದೆಯೇ ಉಳಿಯಿತು. ಇಂದು ಆಕೆ ತಲೆ ತಗ್ಗಿಸಿದಾಗ ನನಗೆ ಕಂಡದ್ದು ಆ ಬೆಂಚು.

ಸಭೆ ಮುಗಿದ ಕೂಡಲೇ ಆಕೆಗೆ ಬರೆದೆ: ದೀಪ ಹಾಕಿ ಬಂದು ನೀವು ಏನೋ ಹೇಳುವವರಿದ್ದಿರಿ, ಅದನ್ನು ಕೇಳಬೇಕು. ಉತ್ತರ ಇನ್ನೂ ಬಂದಿಲ್ಲ.