ದುಡ್ಡು ಕೊಟ್ಟು ತಂದ ಬಿಸಿ

ನಿನ್ನೆ ರಾತ್ರಿ ತಂಗಿಯಂಥ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ತಿಂಗಳ ಕೊನೆ, ಮಾತು ತಾನಾಗಿಯೇ ಖರ್ಚಿನ ಕಡೆ ಹೊರಳಿತು. "ಅಕ್ಕಾ, ಹಣ್ಣು ತರೋದು ಕಡಿಮೆ ಮಾಡಿದೀನಿ. ನಾನಂತೂ ರಾತ್ರಿ ಊಟಾನೇ ಬಿಟ್ಟಿದೀನಿ. ಇನ್ನೆಲ್ಲಿ ಉಳಿಸ್ಲಿ ಹೇಳಿ" ಅಂದಳು. ಸ್ವಲ್ಪ ಹೊತ್ತಿಗೆ ಮನೆಯ ವಿಷಯ ಬಂತು. ಬಿಸಿಲುಗಾಲದಲ್ಲಿ ತಾರಸಿ ಕಾದು ರಾತ್ರಿ ಹನ್ನೊಂದಾದರೂ ಕೋಣೆ ಧಗಧಗ, ಚಳಿಗಾಲದಲ್ಲಿ ಹೀಟರ್ ಆರಿಸಿದ ಅರ್ಧ ಗಂಟೆಗೆ ಮತ್ತೆ ಕೊರೆತ. ಎರಡೂ ಕಾಲದಲ್ಲಿ ಕರೆಂಟ್ ಬಿಲ್ ಒಂದೇ ಸಮ.

ಫೋನಿಟ್ಟ ಮೇಲೂ ಆ 'ಊಟಾನೇ ಬಿಟ್ಟಿದೀನಿ' ಅನ್ನುವ ಮಾತು ತಲೆಯಿಂದ ಹೋಗಲಿಲ್ಲ. ಹೊಟ್ಟೆ ಕಟ್ಟಿ ಉಳಿಸಿದ್ದನ್ನು ಉಳಿತಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅದರಲ್ಲೂ ಉಳಿಸಬೇಕೆಂದಾಗ ಮನೆಯ ಹೆಂಗಸೇ ಮೊದಲು ತನ್ನ ತಟ್ಟೆಯದನ್ನು ಕಡಿಮೆ ಮಾಡಲು ಕೈ ಹಾಕುತ್ತಾಳಲ್ಲ, ಅದನ್ನು ಕೇಳಿದಾಗ ಸಂಕಟವಾಗುತ್ತದೆ. ಅವಳು ಹೇಳಿದ ಎರಡು ಕಷ್ಟಗಳೂ ನನಗೆ ಕೇಳಿಸಿದ್ದು ಒಂದೇ ಕಷ್ಟವಾಗಿ. ನಾವು ದುಡ್ಡು ಕೊಟ್ಟು ಬಿಸಿ ತರುತ್ತೇವೆ, ಅದನ್ನು ಸೋರಲು ಬಿಡುತ್ತೇವೆ. ಒಲೆಯ ಮೇಲೂ ಅಷ್ಟೇ, ಮನೆಯೊಳಗೂ ಅಷ್ಟೇ. ಕೈ ಹಾಕಬೇಕಾದ್ದು ಆ ಸೋರುವ ಜಾಗಕ್ಕೆ, ತಟ್ಟೆಗಲ್ಲ.

ಮೊದಲು ಒಲೆ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 335 ಕಿಲೋಜೂಲ್ (ಶಾಖ ಅಳೆಯುವ ಮಾನ) ಶಾಖ ಬೇಕು. ಅದೇ ಒಂದು ಲೀಟರ್ ಕುದಿಯುವ ನೀರು ಪೂರ್ತಿ ಆವಿಯಾಗಿ ಹೋಗಲು ಸುಮಾರು 2,257 ಕಿಲೋಜೂಲ್, ಅಂದರೆ ಆರೂವರೆ ಪಟ್ಟಿಗೂ ಹೆಚ್ಚು. ಮುಚ್ಚಳ ತೆಗೆದಿಟ್ಟು ದೊಡ್ಡ ಉರಿಯಲ್ಲಿ ಕುದಿಸುವಾಗ ಗ್ಯಾಸ್ ಹೋಗುತ್ತಿರುವುದು ಬೇಳೆ ಬೇಯಿಸುವುದಕ್ಕಲ್ಲ, ಅಡುಗೆಮನೆಯ ಗೋಡೆಗೆ ಆವಿ ಹಿಡಿಸುವುದಕ್ಕೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಸಣ್ಣ ಉರಿಯಲ್ಲಿ ಬೆಂದರೂ ಅದೇ ಬಿಸಿ, ಅದೇ ಹೊತ್ತು. ಈ ಒಂದು ವಿಷಯ ಮನಸ್ಸಿಗೆ ಹತ್ತಿದ ದಿನದಿಂದ ನನ್ನ ಕೈ ತಾನಾಗಿಯೇ ಮುಚ್ಚಳ ಹುಡುಕುತ್ತದೆ. ಕುಕ್ಕರಿನಲ್ಲಿ ಒತ್ತಡದಿಂದಾಗಿ ನೀರು ಸುಮಾರು 120 ಡಿಗ್ರಿಯವರೆಗೂ ಏರುತ್ತದೆ, ಅದಕ್ಕೇ ಅಲ್ಲಿ ಬೇಗ ಬೇಯುವುದು. ಫ್ರಾನ್ಸಿನ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ಇಂಥ ಪಾತ್ರೆ ಮಾಡಿ ತೋರಿಸಿದ್ದ. ಗಟ್ಟಿ ಮೂಳೆಯೂ ಮೆತ್ತಗಾಗುತ್ತದೆ ಎಂಬುದೇ ಅವನ ಪಾತ್ರೆಯ ಹೆಗ್ಗಳಿಕೆಯಾಗಿತ್ತು.

ನಾನು ಹೆಚ್ಚು ಹೇಳಬೇಕೆಂದಿರುವುದು ಒಲೆ ಆರಿಸಿದ ಮೇಲಿನ ಅಡುಗೆಯ ಬಗ್ಗೆ. ಹಿಂದೆ ಯುದ್ಧಕಾಲದಲ್ಲಿ ಉರುವಲಿಗೆ ಬರ ಬಂದಾಗ ಒಣಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಕುದಿಯುವ ಪಾತ್ರೆ ಇಟ್ಟು ಬೇಯಿಸುತ್ತಿದ್ದರು. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಅಲುಗಾಡುವುದಿಲ್ಲ, ಅಲುಗಾಡದ ಗಾಳಿ ಬಿಸಿಯನ್ನು ದಾಟಿಸಲು ಬಹಳ ಸೋಮಾರಿ. ನಾನು ಹುಲ್ಲಿನ ಬದಲು ಹಳೆಯ ಕಂಬಳಿ, ಎರಡು ದಿಂಬು, ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಕಡಲೆಕಾಳನ್ನು ಹಿಂದಿನ ರಾತ್ರಿಯೇ ಚಿಟಿಕೆ ಉಪ್ಪು ಹಾಕಿದ ನೀರಿನಲ್ಲಿ ನೆನೆಸುತ್ತೇನೆ, ಉಪ್ಪಿನಿಂದ ಸಿಪ್ಪೆ ಬೇಗ ಮೆದುವಾಗುತ್ತದೆ. ಬೆಳಿಗ್ಗೆ ಹೊಸ ನೀರಲ್ಲಿ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಹಾಗೇ ಟವೆಲಿನಲ್ಲಿ ಸುತ್ತಿ ಕಂಬಳಿಯೊಳಗೆ ಕೂರಿಸುತ್ತೇನೆ. ಮಧ್ಯಾಹ್ನ ಬಿಚ್ಚುವಾಗ ಕಂಬಳಿಯ ಒಳಮಡಿಕೆ ಇನ್ನೂ ಬೆಚ್ಚಗಿರುತ್ತದೆ, ಮುಚ್ಚಳದ ಒಳಗೆ ನೀರಿನ ಹನಿ ಸಾಲುಗಟ್ಟಿರುತ್ತವೆ. ಒಂದು ಕಾಳು ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿದರೆ ಬೆಣ್ಣೆಯಂತೆ ಹಿಸುಕಿಹೋಗುತ್ತದೆ. ಇಷ್ಟು ಸಲ ನೋಡಿದರೂ ಆ ಕ್ಷಣ ನನಗೆ ಪ್ರತಿಸಲ ಖುಷಿಯೇ.

ಮೂರು ಎಚ್ಚರಿಕೆಗಳನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಪಾತ್ರೆ ಮುಕ್ಕಾಲಿಗಿಂತ ಹೆಚ್ಚು ತುಂಬಿರಬೇಕು, ಸ್ವಲ್ಪವೇ ಇದ್ದರೆ ಬೇಗ ಆರುತ್ತದೆ. ಊಟದ ಹೊತ್ತಿಗೆ 60 ಡಿಗ್ರಿಗಿಂತ ಕೆಳಗಿಳಿಯಲು ಬಿಡಬಾರದು, ಮೇಲೆ ಇನ್ನೊಮ್ಮೆ ಕುದಿಸಿಯೇ ಬಡಿಸಬೇಕು. ರಾಜ್ಮಾ ಕಾಳನ್ನಂತೂ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ, ಸಾಧ್ಯವಾದರೆ 30 ನಿಮಿಷ ಕೊತಕೊತ ಕುದಿಸದೆ ಕಂಬಳಿಯೊಳಗೆ ಇಡಲೇಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷ ಅರೆಬಿಸಿಯಲ್ಲಿ ಸಾಯುವುದಿಲ್ಲ, ವಾಂತಿ ಭೇದಿ ಹಿಡಿಸುತ್ತದೆ.

ಕಾಳು, ಬೇಳೆ, ಮೊಟ್ಟೆ, ಆಯಾ ಕಾಲದ ತರಕಾರಿ, ಇವೇ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿ ಮೈಗೂ ಹತ್ತುವವು. ಟೊಮೆಟೊ, ನಿಂಬೆಯಂಥ ಹುಳಿಯನ್ನು ಕಾಳು ಬೆಂದ ಮೇಲೆ ಹಾಕಿ, ಮೊದಲೇ ಹಾಕಿದರೆ ಕಾಳು ಮೆತ್ತಗಾಗಲು ಹಟ ಮಾಡುತ್ತದೆ, ಗ್ಯಾಸ್ ದಂಡ. ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಡಬೇಡಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಹಳಸಿದ್ದನ್ನು ತಿಂದು ಡಾಕ್ಟರ ಹತ್ತಿರ ಹೋದರೆ ಉಳಿಸಿದ್ದೆಲ್ಲ ಅಲ್ಲಿಗೆ.

ಇನ್ನು ಮನೆ. ಪಾತ್ರೆಗೆ ಕಂಬಳಿ ಸುತ್ತಿದ್ದೇ ಇನ್ಸುಲೇಷನ್, ಅಂದರೆ ಬಿಸಿ ದಾಟದಂತೆ ತಡೆಯುವ ಹೊದಿಕೆ. ಗಾಜಿನ ಎಳೆಗಳ ಗ್ಲಾಸ್ ವೂಲ್ ಆಗಲಿ, ಥರ್ಮಾಕೋಲ್ ಆಗಲಿ, ಕೆಲಸ ಮಾಡುವುದು ಅದರೊಳಗೆ ಸೆರೆಯಾದ ಗಾಳಿಯೇ. ಕಾಂಕ್ರೀಟು ಅಲುಗದ ಗಾಳಿಗಿಂತ 40 ಪಟ್ಟಿಗೂ ಹೆಚ್ಚು ಸಲೀಸಾಗಿ ಬಿಸಿಯನ್ನು ದಾಟಿಸುತ್ತದೆ. ನೀರು ಸುಮಾರು 23 ಪಟ್ಟು. ಹಾಗಾಗಿ ಮಳೆನೀರು ಸೋರುವ ತಾರಸಿಯ ಮೇಲೆ ಇನ್ಸುಲೇಷನ್ ಹಾಕಿಸುವುದು ಒದ್ದೆ ಕಂಬಳಿ ಹೊದ್ದಂತೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಉಳಿದದ್ದು. ಹಾಕುವ ಕ್ರಮ ಹೇಳದೆ ಬರೀ ಬಿಸಿ ತಡೆಯುವ ಹಾಳೆ ಮಾರಿಹೋದ ಒಬ್ಬರ ಮಾತು ನಂಬಿ ನಾನೂ ಒಮ್ಮೆ ದುಡ್ಡು ಕಳೆದುಕೊಂಡೆ. ಬೆಳ್ಳಿಬಣ್ಣದ ಹಾಳೆಯನ್ನು ಸೀದಾ ಸೀಲಿಂಗಿಗೆ ಅಂಟಿಸಿಬಿಟ್ಟಿದ್ದರು. ಆ ಹಾಳೆಯ ಹೊಳೆಯುವ ಮುಖದ ಎದುರು ಗಾಳಿಯ ಜಾಗ ಇಲ್ಲದಿದ್ದರೆ ಅದು ಬಿಸಿಯನ್ನು ತಡೆಯುವುದೇ ಇಲ್ಲ, ಎರಡೂ ಕಡೆ ತಾಗಿದ್ದರೆ ಲೋಹದ ಹಾಳೆಯಷ್ಟೇ.

ಖರ್ಚಿಲ್ಲದೆ ಶುರು ಮಾಡಬೇಕಾದ್ದು ಸಂದುಗಳಿಂದ. ಗಾಳಿ ಬೀಸುವ ದಿನ ಫ್ಯಾನ್ ಆರಿಸಿ, ಒಂದು ಊದುಬತ್ತಿ ಹಚ್ಚಿಕೊಂಡು ಬಾಗಿಲ ಕೆಳಗೆ, ಕಿಟಕಿ ಚೌಕಟ್ಟಿನ ಸುತ್ತ ನಿಧಾನಕ್ಕೆ ಹಿಡಿಯಿರಿ, ಪರದೆ ಹತ್ತಿರ ಮಾತ್ರ ಜೋಪಾನ. ನೆಟ್ಟಗೆ ಏರುತ್ತಿದ್ದ ಹೊಗೆ ಒಂದು ಕಡೆ ತಟ್ಟನೆ ಮಲಗಿಬಿಡುತ್ತದೆ, ಅಲ್ಲೇ ನಿಮ್ಮ ದುಡ್ಡು ಹೋಗುತ್ತಿರುವುದು. ನಮ್ಮ ಮಲಗುವ ಕೋಣೆಯ ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದಿತ್ತು. ಹಳೆಯ ಪ್ಯಾಂಟಿನ ಕಾಲಿಗೆ ಚಿಂದಿ ತುಂಬಿ ಹೊಲಿದು ಅಡ್ಡ ಇಟ್ಟೆ. ಆ ಚಳಿಗಾಲ ಹೀಟರ್ ಹಾಕುವ ಹೊತ್ತು ಕಣ್ಣಿಗೆ ಕಾಣುವಷ್ಟು ಇಳಿಯಿತು.

ಅಡುಗೆಮನೆಯ ಗಾಳಿಕಿಂಡಿಯನ್ನು ಮಾತ್ರ ಮುಚ್ಚಬೇಡಿ. ಗ್ಯಾಸ್ ಆಗಲಿ, ಸೌದೆ ಆಗಲಿ, ಉರಿಯುವ ಜಾಗಕ್ಕೆ ಗಾಳಿ ಬೇಕೇ ಬೇಕು. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಜೀವ ತೆಗೆಯುತ್ತದೆ. ಉಳಿತಾಯದ ಆಸೆಗೆ ಇದೊಂದು ತಪ್ಪು ಯಾರೂ ಮಾಡಬಾರದು.

ಬಿಸಿಲಿಗೆ ಪರದೆ ಒಳಗಿಗಿಂತ ಹೊರಗೆ ಒಳ್ಳೆಯದು. ಗಾಜು ದಾಟಿ ಒಳಗೆ ಬಂದ ಬಿಸಿಲು ಪರದೆಗೆ ಬಿದ್ದು ಕೋಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ, ಚಾಪೆಯೊಂದನ್ನು ಹೊರಗೆ ಇಳಿಬಿಟ್ಟರೆ ಅದು ಹೊರಗೇ ನಿಲ್ಲುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿದರೂ ಹಾಗೇ, ಬಿಸಿಲು ಬಹುಪಾಲು ವಾಪಸ್ ಹೋಗುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದು ಇನ್ಸುಲೇಷನ್ ಹಾಕಿಸುವುದಾದರೆ ಮೊದಲು ತಾರಸಿ ಅಥವಾ ಮಾಡು, ಗೋಡೆ ಆಮೇಲೆ. ಏನೂ ಇಲ್ಲದ ಕಡೆ ಹಾಕಿದ ಮೊದಲ 5 ಸೆಂಟಿಮೀಟರ್ ಮಾಡುವಷ್ಟು ಉಪಕಾರವನ್ನು ಅದರ ಮೇಲಿನ ಇನ್ನೊಂದು 5 ಸೆಂಟಿಮೀಟರ್ ಮಾಡುವುದಿಲ್ಲ. ತೆಳುವಾಗಿಯಾದರೂ ಸಂದಿಲ್ಲದಂತೆ ಪೂರ್ತಿ ಹಾಕಿಸಿ.

ಬಾಡಿಗೆ ಮನೆಯವರು ತಾರಸಿ ಮುಟ್ಟುವ ಹಾಗಿಲ್ಲ, ಗೊತ್ತು. ನನ್ನ ಗೆಳತಿಯದೂ ಬಾಡಿಗೆ ಮನೆಯೇ. ಬಾಗಿಲ ಸಂದು, ಕಿಟಕಿಯ ಚಾಪೆ, ದಪ್ಪ ಪರದೆ, ನೆಲಕ್ಕೊಂದು ಜಮಖಾನ, ಇವನ್ನು ಬಿಚ್ಚಿಕೊಂಡು ಮುಂದಿನ ಮನೆಗೂ ಒಯ್ಯಬಹುದು. ಬಿಳಿ ಬಣ್ಣದ ಮಾತನ್ನು ಮಾಲೀಕರ ಹತ್ತಿರ ಎತ್ತಿ ನೋಡು ಅಂದಿದ್ದೇನೆ, ತಾರಸಿ ಬಿರುಕು ಬಿಡುವುದೂ ಅದರಿಂದ ಕಡಿಮೆಯಾಗುತ್ತದೆ, ಅವರಿಗೂ ಲಾಭವೇ.

ಬೆಳಿಗ್ಗೆ ಅವಳಿಗೆ ನಾನೇ ಫೋನ್ ಮಾಡಿದೆ. "ಇವತ್ತಿಂದ ರಾತ್ರಿ ಊಟ ಬಿಡಬೇಡ್ವೇ, ನನ್ನಾಣೆ" ಅಂದೆ. "ಸರಿ ಅಕ್ಕಾ" ಅಂದಳು, ದನಿ ಸ್ವಲ್ಪ ಹಗುರಾಗಿತ್ತು. ಭಾನುವಾರ ಅವಳ ಮನೆಗೆ ಹೋಗುತ್ತಿದ್ದೇನೆ, ಊದುಬತ್ತಿ ಪ್ಯಾಕೆಟ್ಟು, ಒಂದು ಹಳೆಯ ಕಂಬಳಿ ಚೀಲದಲ್ಲಿ ಇಟ್ಟಾಗಿದೆ. ಶನಿವಾರ ರಾತ್ರಿಯೇ ಕಡಲೆ ನೆನೆಹಾಕಿಡು ಅಂತ ಹೇಳಿದ್ದೇನೆ.